ಹತ್ತಿ ಬಿಡಿಸುವಾಗ ಹುಳ ಕಂಡು ಏನು ಫಲ? ಈಗಲೇ ಪತಂಗ ಎಣಿಸೋಣ, ಬನ್ನಿ!

ರಾಯಚೂರು, ದೇವದುರ್ಗ, ಮಾನ್ವಿ, ಸಿರವಾರ ಸೀಮೆಯ ಹತ್ತಿ ಬೆಳೆಗಾರ ಬಂಧುಗಳೇ, ಹತ್ತಿ ಬಿಡಿಸುವ ಅಕ್ಕ ತಂಗಿಯರೇ,

ಗಿಡ ಹೂವಾಗಿದೆ. ಮುಂಚೆ ಬಿತ್ತಿದ ಹೊಲಗಳಲ್ಲಿ ಕೆಳಗಿನ ಟೊಂಗೆಗೆ ಕಾಯಿ ಕಚ್ಚಿದೆ. ನೋಡಿದರೆ ಕಣ್ಣು ತಂಪಾಗುತ್ತದೆ. ಗುಲಾಬಿ ಕಾಯಿಕೊರಕ ಬಂದು ಸೇರಿಕೊಳ್ಳುವುದು ಇದೇ ಹೊತ್ತಿನಲ್ಲಿ.

ಹುಳ ಬಿದ್ದ ಹೊಲದ ಹಸಿರು ಕಾಯಿಯೊಂದನ್ನು ಕಿತ್ತು ನೋಡಿ. ಹೊರಗೆ ಎಲ್ಲೂ ಗಾಯ ಕಾಣುವುದಿಲ್ಲ. ತತ್ತಿಯಿಂದ ಹೊರಬಿದ್ದ ಮರಿಹುಳ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಿರುವಾಗಲೇ ಕಾಯಿಯೊಳಗೆ ಹೊಕ್ಕಿರುತ್ತದೆ, ಹೊಕ್ಕ ತೂತು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಕಾಯಿ ಸೀಳಿದಾಗಲೇ ಗೊತ್ತಾಗುವುದು: ಕಲೆಬಿದ್ದ ಹತ್ತಿ, ಅರ್ಧ ತಿಂದ ಬೀಜ, ಬೀಜದ ಪಕ್ಕದಲ್ಲಿ ಹುಳ. ಒಳಸೇರಿದ ಮೇಲೆ ಎಷ್ಟು ಎಣ್ಣೆ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಸಾಲ ಮಾಡಿ ತಂದ ಔಷಧಿ ಎಲೆ ಮೇಲೆ ಒಣಗಿ ಹೋಗುತ್ತದೆ.

ಬಿಟಿ ಬೀಜ ಹಾಕಿದ್ದೇವಲ್ಲ ಎನ್ನುವವರು ಇನ್ನೂ ಇದ್ದಾರೆ. ನಮ್ಮ ದೇಶಕ್ಕೆ ಬಿಟಿ ಹತ್ತಿ ಬಂದದ್ದು 2002ರಲ್ಲಿ, ಎರಡು ಜೀನಿನ ಬೀಜ ಬಂದದ್ದು 2006ರಲ್ಲಿ. ಗುಲಾಬಿ ಹುಳ ಆ ಎರಡನ್ನೂ ಅರಗಿಸಿಕೊಂಡಿದೆ. ಬೀಜದ ಪಾಕೀಟು ನಂಬಿ ಕೂಡುವ ಕಾಲ ಮುಗಿಯಿತು.

ಆದರೆ ಈ ಹುಳ ಬರುವ ಮುಂಚೆ ಸುಳಿವು ಕೊಡುತ್ತದೆ. ಮೊದಲು ಪತಂಗ ಹಾರುತ್ತದೆ, ಆಮೇಲೆ ತತ್ತಿ ಇಡುತ್ತದೆ, ತತ್ತಿ ಒಡೆಯಲು ನಾಲ್ಕೈದು ದಿನ ಬೇಕು. ಆ ಕೆಲವೇ ದಿನಗಳು ನಮ್ಮವು. ಎಕರೆಗೆ ಎರಡು ಮೋಹಕ ಬಲೆ ಕಟ್ಟಿದರೆ ಹೆಣ್ಣಿನ ವಾಸನೆಯೆಂದು ಗಂಡು ಪತಂಗಗಳು ಬಂದು ಚೀಲದಲ್ಲಿ ಬೀಳುತ್ತವೆ. ಬೆಳಗ್ಗೆ ಹೊಲಕ್ಕೆ ಹೋದವರು ಚೀಲದ ಬುಡ ಬಿಚ್ಚಿ, ಬೂದಿ ಕಂದು ಬಣ್ಣದ ಆ ಚಿಕ್ಕ ಪತಂಗಗಳನ್ನು ಎಣಿಸಿ, ಸಾಯಿಸಿ, ಮತ್ತೆ ಬುಡ ಕಟ್ಟಿ ಬಂದರೆ ಮುಗಿಯಿತು. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಅದು ಎಚ್ಚರಿಕೆಯ ಗಂಟೆ. ವಾರಕ್ಕೊಮ್ಮೆ ಹೊಲದ ತುಂಬಾ ಅಡ್ಡಾಡಿ 20 ಹಸಿರು ಕಾಯಿ ಕಿತ್ತು ಸೀಳಬೇಕು, ಎರಡರಲ್ಲಿ ಹುಳ ಸಿಕ್ಕರೂ ತಡಮಾಡುವಂತಿಲ್ಲ. ಗುಲಾಬಿ ಮೊಗ್ಗಿನಂತೆ ಮುದುಡಿ ಅರಳದೇ ನಿಂತ ಹೂ ಕಂಡರೆ ಬಿಡಿಸಿ ನೋಡಿ, ಹುಳ ಅಲ್ಲೇ ಇರುತ್ತದೆ. ಕಿತ್ತು ನಾಶಮಾಡಿ.

ಬಲೆಯ ಲೆಕ್ಕ ಕೈಯಲ್ಲಿದ್ದರೆ ಎಣ್ಣೆ ಹೊಡೆಯದೇ ಇರುವ ಧೈರ್ಯವೂ ಬರುತ್ತದೆ. ಅಂಗಡಿಯವರು ಹೇಳಿದರೆಂದು, ಪಕ್ಕದ ಹೊಲದವರು ಹೊಡೆದರೆಂದು ಹೆದರಿ ಮುಂಚೆಯೇ ಕಡು ಔಷಧಿ ಹೊಡೆದವರ ಹೊಲದಲ್ಲಿ ಮಿತ್ರಕೀಟಗಳು ಸತ್ತು ಬಿಳಿ ನೊಣ ಏಳುತ್ತದೆ. ಆಗ ಅದಕ್ಕೊಂದು ಬೇರೆ ಖರ್ಚು.

ಒಬ್ಬರೇ ಬಲೆ ಕಟ್ಟಿದರೆ ಸಾಲದು, ಪತಂಗಕ್ಕೆ ಬದುವಿನ ಹಂಗಿಲ್ಲ. ಮೊದಲು ಹೂವಾದ ಹೊಲಕ್ಕೆ ಅದು ಮೊದಲು ಬರುತ್ತದೆ. ಹಾಗಾಗಿ ಮುಂಚೆ ಬಿತ್ತಿದವರ ಬಲೆಯ ಲೆಕ್ಕ ತಡವಾಗಿ ಬಿತ್ತಿದವರಿಗೆ ಮುನ್ಸೂಚನೆ. ಆ ಲೆಕ್ಕ ಅವರ ಜೇಬಿನಲ್ಲೇ ಉಳಿದರೆ ಊರಿಗೆ ಏನು ಉಪಯೋಗ? ಅಗಸಿ ಕಟ್ಟೆಯ ಮೇಲೆ ಒಂದು ಕರಿ ಹಲಗೆ ಇಡೋಣ. ಯಾವ ದಿಕ್ಕಿನ ಹೊಲ, ಯಾವತ್ತು, ಎಷ್ಟು ಪತಂಗ, ಇಷ್ಟೇ ಬರೆದರೆ ಸಾಕು. ಹೈಸ್ಕೂಲು ಓದುವ ನಮ್ಮ ಮಕ್ಕಳು ಅದನ್ನು ದಿನಾ ಬರೆದಾರು. ಹಲಗೆಯ ಫೋಟೊ ವಾರಕ್ಕೊಮ್ಮೆ ರೈತ ಸಂಪರ್ಕ ಕೇಂದ್ರಕ್ಕೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೂ ಹೋಗಲಿ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಅವರನ್ನೇ ಕೇಳೋಣ.

ಕೃಷಿ ಇಲಾಖೆಗೂ ನಮ್ಮದೊಂದು ಹಕ್ಕೊತ್ತಾಯವಿದೆ. ಮೋಹಕ ಬಲೆ ಮತ್ತು ಅದರಲ್ಲಿ ಬದಲಿಸುವ ವಾಸನೆಯ ಗುಳಿಗೆ (ಲ್ಯೂರ್) ಗಿಡ ಮೊಗ್ಗಾಗುವ ಮುಂಚೆ ಕೈಗೆ ಸಿಗಬೇಕು. ಹತ್ತಿ ಬಿಡಿಸಿದ ಮೇಲೆ ಕೊಟ್ಟರೆ ಅದನ್ನು ಎಲ್ಲಿ ಕಟ್ಟುವುದು? ಜಿನ್ನಿಂಗ್ ಮಿಲ್‌ಗಳ ಸುತ್ತಲೂ ಬಲೆ ಹಾಕಿಸಬೇಕು, ಅಲ್ಲಿ ಬಿದ್ದ ಬೀಜದಿಂದಲೂ ಪತಂಗ ಹೊರಡುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. ಇನ್ನೊಂದು ಬಿಡಿಸು ಸಿಕ್ಕೀತೆಂದು ಬೆಳೆಯನ್ನು ಡಿಸೆಂಬರ್ ದಾಟಿಸಿ ಎಳೆಯಬಾರದು. ಉರುವಲಿಗೆಂದು ಹಿತ್ತಲಲ್ಲಿ ಒಟ್ಟಿದ ಹತ್ತಿ ಕಟ್ಟಿಗೆಯಲ್ಲಿ ಒಣಗಾಯಿ ಉಳಿದಿದ್ದರೆ ಹುಳ ಬೇಸಿಗೆಯೆಲ್ಲಾ ಅದರೊಳಗೆ ಮಲಗಿದ್ದು ಮುಂದಿನ ಬೆಳೆಗೆ ಏಳುತ್ತದೆ. ಈ ವರ್ಷದ ಹುಳ ಎಷ್ಟೋ ಕಡೆ ಹೋದ ವರ್ಷದ ಬಣವೆಯಿಂದಲೇ ಬಂದದ್ದು.

ಬರುವ ಭಾನುವಾರ ಬೆಳಗ್ಗೆ 8 ಗಂಟೆಗೆ ನಿಮ್ಮ ನಿಮ್ಮ ಊರಿನ ಅಗಸಿ ಕಟ್ಟೆಗೆ ಬನ್ನಿ. ಕೋರಿಗೆ, ಲಾವಣಿಗೆ ಮಾಡುವವರೂ ಬನ್ನಿ, ನಷ್ಟ ಮೊದಲು ತಟ್ಟುವುದು ನಿಮಗೇ. ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ತಪ್ಪದೇ ಕರೆತನ್ನಿ, ಕೆಟ್ಟ ಕಾಯಿ ಯಾವ ಹೊಲದಲ್ಲಿ ಹೆಚ್ಚೆಂದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಕಾಯಿ ಕಟ್ಟಿದವರು ಹೊಲದಿಂದ 20 ಹಸಿರು ಕಾಯಿ ಮತ್ತು ಒಂದು ಚಾಕು ತನ್ನಿ, ಎಲ್ಲರೆದುರು ಸೀಳಿ ನೋಡೋಣ. ಯಾರ ಹೊಲಕ್ಕೆ ಎಷ್ಟು ಬಲೆ ಬೇಕೆಂದು ಅಲ್ಲೇ ಪಟ್ಟಿ ಮಾಡಿ, ಅವತ್ತೇ ತರಿಸಿ, ಸಂಜೆಯೊಳಗೆ ಕಟ್ಟೋಣ.

— ಹತ್ತಿ ಬೆಳೆವ ರೈತರು