ಪಕ್ಕದಲ್ಲಿ ಕುಳಿತು ಓದಿಸುವವರು ಬೇಕಾಗಿದ್ದಾರೆ

ಸೆಪ್ಟೆಂಬರ್ ೮ ನಮಗೆ ಮಾತೆ ಮರಿಯಮ್ಮನವರ ಜನ್ಮೋತ್ಸವ. ಅದೇ ದಿನವನ್ನು ಯುನೆಸ್ಕೊ ಸಂಸ್ಥೆಯು ೧೯೬೬ರಲ್ಲಿ ಅಂತರರಾಷ್ಟ್ರೀಯ ಸಾಕ್ಷರತಾ ದಿನವೆಂದು ಘೋಷಿಸಿತು. ೧೯೬೭ರಿಂದ ಜಗತ್ತು ಅದನ್ನು ಆಚರಿಸುತ್ತಿದೆ. ಎರಡೂ ಒಂದೇ ದಿನ ಬಂದದ್ದು ಆಕಸ್ಮಿಕವೇ ಇರಬಹುದು. ಆದರೆ ಸಂತ ಅನ್ನಮ್ಮನವರು ಬಾಲೆ ಮರಿಯಳಿಗೆ ಓದು ಕಲಿಸುತ್ತಿರುವ ಹಳೆಯ ಚಿತ್ರಗಳನ್ನು ಕಂಡವರಿಗೆ ಇವೆರಡಕ್ಕೂ ನಂಟಿದೆಯೆಂದು ಅನ್ನಿಸದೆ ಇರದು. ಆ ಪ್ರಸಂಗ ಶುಭಸಂದೇಶಗಳಲ್ಲಿಲ್ಲ. ಚಿತ್ರಕಾರರ ಭಕ್ತಿಯ ಕಲ್ಪನೆಯದು. ಅನೇಕ ಚಿತ್ರಗಳಲ್ಲಿ ತಾಯಿ ಮಗಳ ಪಕ್ಕದಲ್ಲೇ ಇದ್ದಾಳೆ, ಒಂದೇ ಪುಸ್ತಕ ಇಬ್ಬರ ನಡುವೆ ತೆರೆದಿದೆ.

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಹೀಗೆ ಪಕ್ಕದಲ್ಲಿ ಕುಳಿತುಕೊಳ್ಳುವವರಿಲ್ಲದೆ ಹಿಂದುಳಿಯುತ್ತಿರುವ ಮಕ್ಕಳನ್ನು ಕುರಿತು ಈ ವಾರ ಬರೆಯಬೇಕಾಗಿದೆ. ನಾಲ್ಕನೆಯ ತರಗತಿಯ ಪುಸ್ತಕ ಚೀಲದಲ್ಲಿದ್ದರೂ ಎರಡನೆಯ ತರಗತಿಯ ಕಥೆಯನ್ನು ಓದಲಾರದ ಮಗು ಇಂದು ಅಪರೂಪವೇನಲ್ಲ. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ಶೇಕಡಾ ೨೭.೩ರಷ್ಟಿದ್ದರು, ಕೊರೊನಾ ಕಾಲದ ಶಾಲಾಬಂದಿನ ನಂತರ ೨೦೨೨ರಲ್ಲಿ ಅದು ಶೇಕಡಾ ೨೦.೫ಕ್ಕೆ ಇಳಿಯಿತು; ೨೦೨೪ರಲ್ಲಿ ಮರಳಿ ಶೇಕಡಾ ೨೭.೧ಕ್ಕೆ ಬಂದಿತು. ಚೇತರಿಸಿಕೊಂಡೆವೆಂದು ಹೇಳಿಕೊಳ್ಳಬಹುದು. ಆದರೆ ಚೇತರಿಸಿಕೊಂಡ ಮೇಲೂ ನಾಲ್ವರಲ್ಲಿ ಮೂವರು ಓದಲಾರರೆಂಬುದು ಸಮಾಧಾನದ ಸಂಗತಿಯಲ್ಲ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. ನಾವು ಆ ಹಾದಿ ಹಿಡಿಯುವುದಿಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಶಾಲೆಗಳಿವೆ. ಸುಗ್ಗಿ ಮುಗಿದೊಡನೆ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ ಗುಳೆ ಹೋಗುವ ತಂದೆತಾಯಿಗಳೊಂದಿಗೆ ಮಕ್ಕಳೂ ಹೋಗುತ್ತಾರೆ. ಅವರು ಮರಳುವ ವೇಳೆಗೆ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಇನ್ನೊಂದು ಓಣಿಯ ಮಗುವಿಗೆ ಉರ್ದು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹಗಲೆಲ್ಲ ಕುಣಿಮಗ್ಗದಲ್ಲಿ ಕುಳಿತ ತಾಯಿಗೆ ಸಂಜೆ ಮಗುವಿನ ಪುಸ್ತಕ ತೆರೆಯುವ ತ್ರಾಣ ಉಳಿದಿರುವುದಿಲ್ಲ. ಅವಳಿಗೇ ಓದು ಬಾರದಿದ್ದರೆ ಹೇಳುವುದೇ ಬೇಡ.

ಇಂಥ ಮಗುವಿನ ಕೊರತೆ ಹೊರಗಿನವರ ಕಣ್ಣಿಗೆ ಬೇಗನೆ ಬೀಳುವುದಿಲ್ಲ. ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತದೆ. ಪಾಠದ ಮೊದಲ ಪುಟವನ್ನು ನಿಲ್ಲದೆ ‘ಓದುತ್ತದೆ’. ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತದೆ. ಅದು ಓದಿದ್ದು ಕಣ್ಣಿನಿಂದಲ್ಲ, ಕಂಠಪಾಠದಿಂದ. ನಮ್ಮ ಲಿಪಿಯಲ್ಲಿ ಮಗು ಎಡವುವ ತಾಣಗಳು ಬಹುಮಟ್ಟಿಗೆ ಗೊತ್ತಿರುವಂಥವೇ: ಒತ್ತಕ್ಷರ, ದೀರ್ಘ, ಮಹಾಪ್ರಾಣ. ಇವನ್ನು ದಾಟಿಸಲು ಪಾಂಡಿತ್ಯ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯ ತಾಳ್ಮೆ ಬೇಕು. ನಮ್ಮ ಧರ್ಮಕೇಂದ್ರಗಳ ಯುವಜನರು, ನಿವೃತ್ತ ಶಿಕ್ಷಕರು, ಭಗಿನಿಯರು ಇದನ್ನು ಕೊಡಬಲ್ಲರು.

ಕೊಡಬಲ್ಲರು, ನಿಜ. ಆದರೆ ನಮ್ಮ ಅಭ್ಯಾಸವೊಂದನ್ನು ಮುಚ್ಚಿಡಬಾರದು. ಜೂನ್ ತಿಂಗಳಲ್ಲಿ ಚೀಲ, ನೋಟ್‌ಪುಸ್ತಕ ಹಂಚುತ್ತೇವೆ. ಬ್ಯಾನರಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಮರುವರ್ಷ ಜೂನ್‌ವರೆಗೆ ಆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಓದಿಸುವ ಸೇವೆಯನ್ನು ಈ ಬಗೆಯಲ್ಲಿ ಮಾಡುವುದಾದರೆ ಮಾಡದಿರುವುದೇ ಮೇಲು. ವಾರವೆರಡು ವಾರ ಪಕ್ಕದಲ್ಲಿ ಕುಳಿತು, ಬಳಿಕ ಹೇಳದೆ ಕೇಳದೆ ಮಾಯವಾಗುವ ಅಕ್ಕನನ್ನೋ ಅಣ್ಣನನ್ನೋ ಮಗು ಬೇಗ ಮರೆಯುವುದಿಲ್ಲ. ತಾನು ದಡ್ಡನಾದ್ದರಿಂದಲೇ ಅವರು ಬರಲಿಲ್ಲವೆಂದು ತಿಳಿಯುತ್ತದೆ.

ಸದ್ಭಾವನೆ ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಿದ ಉದಾಹರಣೆಗಳಿವೆ. ಮುಂಬಯಿಯ ‘ಪ್ರಥಮ್’ ಸಂಸ್ಥೆಯು ಮುಂಬಯಿ ಹಾಗೂ ವಡೋದರಾ ನಗರಗಳ ಶಾಲೆಗಳಲ್ಲಿ ‘ಬಾಲಸಖಿ’ಯರನ್ನು ನೇಮಿಸಿತು. ಅವರು ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ತರುಣಿಯರು. ಎರಡು ವಾರಗಳ ತರಬೇತಿ ಪಡೆದು, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಕಲಿಸಿದರು. ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಇದನ್ನು ಅಳೆದ ಅರ್ಥಶಾಸ್ತ್ರಜ್ಞರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ೨೦೧೯ರಲ್ಲಿ ಅವರು ಮೈಕೆಲ್ ಕ್ರೆಮರ್ ಅವರೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಅನುಭವ ನಮಗೆ ಇನ್ನೂ ಹತ್ತಿರದ್ದು. ೨೦೦೫-೦೬ರ ಸುಮಾರಿಗೆ ಅಲ್ಲಿನ ಹಳ್ಳಿಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕರು ಕೆಲವೇ ದಿನಗಳ ತರಬೇತಿ ಪಡೆದು ಓದಿನ ಶಿಬಿರಗಳನ್ನು ನಡೆಸಿದರು. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಅಕ್ಷರವೇ ಅರಿಯದವರು ಅಕ್ಷರ ಗುರುತಿಸುವಂತಾದರು. ಆದರೆ ಬಂದವರೆಷ್ಟು? ಶೇಕಡಾ ಎಂಟರಷ್ಟು ಮಾತ್ರ. ಕಲಿಸುವವರು ಸಿಕ್ಕರು, ವಿಧಾನವೂ ಸರಿಯಿತ್ತು, ಮಕ್ಕಳು ಬರಲಿಲ್ಲ. ಆದ್ದರಿಂದ ಚರ್ಚಿನ ಆವರಣದಲ್ಲಿ ಸಂಜೆಯ ಶಿಬಿರ ತೆರೆದು ಕಾಯುತ್ತ ಕೂರುವುದಕ್ಕಿಂತ, ಮಕ್ಕಳಿರುವ ಶಾಲೆಗೇ ನಾವು ಹೋಗುವುದು ಒಳಿತೆಂದು ನಮ್ಮ ಅಭಿಮತ.

ಶಾಲೆಯೊಳಗೆ ಹೋದಾಗಲೂ ಎಚ್ಚರ ಬೇಕು. ಉತ್ತರಾಖಂಡದಲ್ಲಿ ಇಂಥದೇ ಸ್ವಯಂಸೇವಕರನ್ನು ಶಾಲೆಗಳಿಗೆ ಕಳುಹಿಸಿದಾಗ ಅವರನ್ನು ಸಾಮಾನ್ಯ ಶಿಕ್ಷಕರಂತೆ ತರಗತಿಗಳಿಗೆ ಹಚ್ಚಿಬಿಟ್ಟರು. ಹಿಂದುಳಿದ ಮಕ್ಕಳು ಇದ್ದಲ್ಲಿಯೇ ಉಳಿದರು. ಶಿಕ್ಷಕರ ಕೊರತೆಯಿರುವ ನಮ್ಮ ಶಾಲೆಗಳಲ್ಲಿಯೂ ಮುಖ್ಯೋಪಾಧ್ಯಾಯರು ಅನಿವಾರ್ಯದಿಂದ ಹಾಗೆಯೇ ಕೇಳಬಹುದು. ನಮ್ಮವರು ವಿನಯದಿಂದ ಒಲ್ಲೆನೆನ್ನಬೇಕು. ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ಬಿಟ್ಟಿ ಶಿಕ್ಷಕರು ಸಿಕ್ಕರೆಂದು ಆ ಹೊಣೆ ಜಾರಿಹೋಗಬಾರದು.

ತರಬೇತಿಯ ವಿಷಯಕ್ಕೆ ಬರೋಣ. ಕನಿಷ್ಠ ನಾಲ್ಕು ಪೂರ್ಣ ದಿನಗಳಾದರೂ ಬೇಕು. ಅದರಲ್ಲಿ ಭಾಷಣ ಕಡಿಮೆಯಾಗಿ ಅಭ್ಯಾಸ ಹೆಚ್ಚಾಗಬೇಕು. ಮೊದಲು ಕಲಿಯಬೇಕಾದದ್ದು ಮಗು ಎಲ್ಲಿದೆಯೆಂದು ತಿಳಿಯುವುದು. ಅಕ್ಷರ, ಪದ, ಸಣ್ಣ ಪರಿಚ್ಛೇದ, ಕಥೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಒಂದೊಂದೇ ತೋರಿಸಿ, ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದರೆ ಕೆಲವು ನಿಮಿಷಗಳಲ್ಲಿ ಅದು ತಿಳಿಯುತ್ತದೆ. ಬಳಿಕ ತರಗತಿಯ ಬದಲು ಮೆಟ್ಟಿಲಿನಂತೆ ಗುಂಪು ಮಾಡಬೇಕು. ‘ಪ್ರಥಮ್’ ಸಹಯೋಗದಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗಾಗಿ ನಮ್ಮ ರಾಜ್ಯದಲ್ಲಿ ನಡೆದ ‘ಓದು ಕರ್ನಾಟಕ’ ಕಾರ್ಯಕ್ರಮದ ತಿರುಳೂ ಇದೇ ಆಗಿದ್ದುದರಿಂದ ಅದನ್ನು ಬಲ್ಲ ಸರ್ಕಾರಿ ಶಿಕ್ಷಕರನ್ನೇ ತರಬೇತಿಗೆ ಕರೆಯಬಹುದು.

ಎರಡನೆಯದು ತಿದ್ದುವ ರೀತಿ. ಪುಸ್ತಕದಲ್ಲಿ ‘ಹೋಗಿದ್ದಾನೆ’ ಎಂದಿರುವುದನ್ನು ನಮ್ಮ ಕಡೆಯ ಮಗು ‘ಹೋಗ್ಯಾನ’ ಎಂದು ಓದಿದರೆ ಗದರುವವರಿದ್ದಾರೆ. ಆ ಮಗು ತಪ್ಪಿಲ್ಲ. ಅರ್ಥ ಮಾಡಿಕೊಂಡು ತನ್ನ ಮಾತಿನಲ್ಲಿ ಹೇಳಿದೆ. ಕರಾವಳಿಯಿಂದ ಬಂದು ಇಲ್ಲಿ ಸೇವೆ ಸಲ್ಲಿಸುತ್ತಿರುವ ಗುರುಗಳೂ ಭಗಿನಿಯರೂ ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ. ಮೊದಲು ಮೆಚ್ಚಿ, ಆಮೇಲೆ ಅಕ್ಷರ ತೋರಿಸಿ ಇನ್ನೊಮ್ಮೆ ಓದಿಸಿದರಾಯಿತು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ರಥದಲ್ಲಿ ಓದುತ್ತ ಸಾಗಿದ್ದ ಇಥಿಯೋಪಿಯದ ಕಂಚುಕಿಯನ್ನು ಫಿಲಿಪ್ಪನು ಮೊದಲು ಕೇಳಿದ್ದು ಓದಿದ್ದು ಅರ್ಥವಾಗುತ್ತಿದೆಯೇ ಎಂದು. ಬಳಿಕ ರಥವೇರಿ ಅವನ ಪಕ್ಕದಲ್ಲಿ ಕುಳಿತ.

ಫಿಲಿಪ್ಪನು ಆಮೇಲೆ ಮಾಡಿದ ಶುಭಸಂದೇಶ ಸಾರುವ ಕೆಲಸ ಮಾತ್ರ ಈ ಶಾಲೆಗಳಲ್ಲಿ ನಮ್ಮದಲ್ಲ. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ ೨೮ನೆಯ ವಿಧಿ ಹೇಳುತ್ತದೆ. ಶಿಲುಬೆಯ ಚಿತ್ರ, ಸಂತರ ಕಾರ್ಡು, ಪ್ರಾರ್ಥನೆಯ ಪುಸ್ತಕ ಯಾವುದೂ ಚೀಲದಲ್ಲಿ ಹೋಗಬಾರದು. ಕಾನೂನಿನ ಭಯಕ್ಕಿಂತ ಮಿಗಿಲಾಗಿ, ತಮ್ಮ ಮಗುವನ್ನು ನಂಬಿ ನಮ್ಮ ಪಕ್ಕದಲ್ಲಿ ಕೂರಿಸುವ ನೆರೆಯವರ ವಿಶ್ವಾಸ ದೊಡ್ಡದು.

ಅದೇ ವಿಶ್ವಾಸದ ಮಾತಾಗಿ ಇನ್ನೊಂದನ್ನೂ ಹೇಳಬೇಕು. ಹೇಳಲು ಮುಜುಗರವಾದರೂ ಸರಿಯೆ. ಯಾವ ಸ್ವಯಂಸೇವಕರೂ, ಅವರು ಗುರುಗಳಾಗಿರಲಿ ಭಗಿನಿಯರಾಗಿರಲಿ, ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನೊಂದಿಗೆ ಇರಬಾರದು. ಓದು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು ನಡೆಯಲಿ. ೨೦೧೨ರ ಪೋಕ್ಸೊ ಕಾಯಿದೆಯ ಪರಿಚಯ ತರಬೇತಿಯ ಮೊದಲ ದಿನವೇ ಆಗಲಿ. ಮುಖ್ಯೋಪಾಧ್ಯಾಯರ, ಎಸ್‌ಡಿಎಂಸಿಯ ಒಪ್ಪಿಗೆಯಿಲ್ಲದೆ ಯಾರೂ ಶಾಲೆಯ ಮೆಟ್ಟಿಲು ಹತ್ತುವುದು ಬೇಡ.

ಸಂಘಟನೆಗೆ ದೊಡ್ಡ ಸಮಿತಿ ಬೇಕಿಲ್ಲ. ಒಂದು ಶಾಲೆ, ಎಂಟು ಹತ್ತು ಜನ, ಹಾಜರಿ ಬರೆಯುವ ಒಬ್ಬರು. ಒಬ್ಬರು ಬಾರದ ದಿನ ಬದಲಿಗೆ ಯಾರೆಂಬುದು ಮೊದಲೇ ನಿಶ್ಚಯವಾಗಿರಬೇಕು. ೨೦೨೩ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಬಡ ಮನೆಯ ಹುಡುಗರಿಗೆ ಅಷ್ಟನ್ನು ಧರ್ಮಕೇಂದ್ರ ಕೊಡಲಿ. ಗುಳೆ ಹೋದ ಮಗುವಿನ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕದೆ, ಅದು ಎಲ್ಲಿಯವರೆಗೆ ಓದಿತ್ತೆಂದು ಬರೆದಿಟ್ಟುಕೊಂಡು, ಮರಳಿದ ದಿನ ಅಲ್ಲಿಂದಲೇ ಹಿಡಿಯಬೇಕು. ೧೯೯೦ರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಲಾಂದ್ರದ ಬೆಳಕಿನಲ್ಲಿ ಅಕ್ಷರ ಕಲಿತ ಎಷ್ಟೋ ಹಿರಿಯರು ಆಮೇಲೆ ಓದುವ ರೂಢಿ ತಪ್ಪಿ ಅದನ್ನು ಮರೆತದ್ದನ್ನು ಬಲ್ಲೆವು.

ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲಿಯೇ ಈ ವಿಚಾರವನ್ನು ಎತ್ತಿಕೊಳ್ಳಲಿ. ಹೆಸರು ಕೊಡುವವರು ಒಂದು ಶಾಲಾವರ್ಷ ಪೂರ್ತಿ ಬರುವುದಾಗಿ ಬರೆದುಕೊಡಲಿ. ಅಷ್ಟು ಸಾಧ್ಯವಾಗದವರಿಗೂ ಕೆಲಸವಿದೆ: ಮಕ್ಕಳ ಕಥೆಪುಸ್ತಕಗಳನ್ನು ಸಂಗ್ರಹಿಸಬೇಕು, ರಟ್ಟು ಹಾಕಬೇಕು, ಹರಿದ ಹಾಳೆಗಳನ್ನು ಅಂಟಿಸಬೇಕು.