ಗುತ್ತಿಗೆದಾರರ ಬಿಲ್ಲಿನಿಂದಲೇ ವಾಹನ ನಷ್ಟ ಭರಿಸಿಕೊಡುವಂತೆ ಮನವಿ

ಗೆ,
ಮಾನ್ಯ ಆಯುಕ್ತರು,
ನಗರ ಪಾಲಿಕೆ.

ವಿಷಯ: ಒಳಚರಂಡಿ ಕಾಮಗಾರಿಯ ವೇಳೆ ನಿವಾಸಿಗಳ ವಾಹನಗಳಿಗೆ ಆದ ಹಾನಿಯನ್ನು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಡುವ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ತಮ್ಮ ಕಚೇರಿಯ ಟಪಾಲು ಶಾಖೆಗೆ ಸಲ್ಲಿಸಿ ಸ್ವೀಕೃತಿ ಮೊಹರು ಪಡೆದಿರುವ ಹಿಂದಿನ ಮನವಿಗಳು (ಅನುಬಂಧ 1ರಿಂದ 3).

ಮಾನ್ಯರೇ,

ಈ ಬಡಾವಣೆಯವರು ಒಳಚರಂಡಿ ಕಾಮಗಾರಿಯನ್ನು ವಿರೋಧಿಸಿದವರಲ್ಲ, ಕೇಳಿ ಪಡೆದವರು. ಮಳೆ ಬಂದಾಗಲೆಲ್ಲ ಮ್ಯಾನ್‌ಹೋಲು ಉಕ್ಕಿ ಅಂಗಳಕ್ಕೆ ಕೊಳಚೆ ನುಗ್ಗುತ್ತಿದ್ದ ಕಾಲದಲ್ಲಿ ಹೊಸ ಪೈಪಿಗಾಗಿ ಇದೇ ಕಚೇರಿಯ ಮೆಟ್ಟಿಲು ಹತ್ತಿದವರು. ಹಾಗಾಗಿ ರಸ್ತೆ ಅಗೆದರೆಂದು, ಧೂಳೆದ್ದಿತೆಂದು, ಗೇಟಿನ ಮುಂದೆ ಮಣ್ಣುಗುಡ್ಡೆ ಬಿದ್ದಿತೆಂದು ಯಾರೂ ದೊಡ್ಡ ದನಿ ತೆಗೆಯಲಿಲ್ಲ. ಸಹಿಸಲಾಗದ್ದು ಒಂದೇ. ಗುತ್ತಿಗೆದಾರರ ಯಂತ್ರ ನಿವಾಸಿಗಳ ವಾಹನ ಜಖಂ ಮಾಡುತ್ತದೆ, ರಿಪೇರಿ ಖರ್ಚು ವಾಹನದವರ ತಲೆಗೇ ಬರುತ್ತದೆ, ಅದೇ ಗುತ್ತಿಗೆದಾರರ ರನ್ನಿಂಗ್ ಬಿಲ್ಲು ಮಾತ್ರ ಯಾವ ತಕರಾರೂ ಇಲ್ಲದೆ ಪಾಸಾಗುತ್ತದೆ.

ಎರಡನೇ ಅಡ್ಡರಸ್ತೆಯ ನಿವೃತ್ತ ಶಿಕ್ಷಕಿಯೊಬ್ಬರ ಕಾರು ಅವರ ಮನೆ ಕಾಂಪೌಂಡಿಗೆ ಒತ್ತಿ ನಿಂತಿತ್ತು. ಜೆಸಿಬಿ ಚಾಲಕ ಹಿಂಬದಿಯ ಬಕೆಟ್ಟಿನಲ್ಲಿ ಮಣ್ಣು ತುಂಬಿ ತಿರುಗಿಸುವಾಗ ಅದು ಕಾರಿನ ಎಡಬದಿಗೆ ಬಡಿಯಿತು. ಎದುರು ಮನೆಯ ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಗಿದೆ: ಬಕೆಟ್ಟಿನ ಹಲ್ಲು ಹಿಂಬಾಗಿಲ ತಗಡಿನೊಳಗೆ ಹೊಕ್ಕು ಈಚೆ ಬಂದದ್ದು, ಗಾಜು ಪುಡಿಯಾಗಿ ಸೀಟಿನ ಮೇಲೆ ಸುರಿದದ್ದು, ಚಾಲಕ ಕೆಳಗಿಳಿದು ಬಾಗಿಲನ್ನೊಮ್ಮೆ ಸವರಿ ನೋಡಿ, ಮತ್ತೆ ಮೇಲೆ ಹತ್ತಿ ಅಗೆಯುವುದನ್ನು ಮುಂದುವರಿಸಿದ್ದು. ಹಿಂದೆ ಮುಂದೆ ನೋಡಿ ಕೈಸನ್ನೆ ಮಾಡಲು ನೆಲದ ಮೇಲೆ ಒಬ್ಬ ಆಳೂ ಇರಲಿಲ್ಲ. ಯಂತ್ರಕ್ಕೆ ನಂಬರ್ ಪ್ಲೇಟೂ ಇರಲಿಲ್ಲ. ದೃಶ್ಯದ ಪೆನ್‌ಡ್ರೈವ್, ಹಾನಿಯ ಫೋಟೋಗಳು, ಗ್ಯಾರೇಜಿನ ಅಂದಾಜು ಪಟ್ಟಿ, ಟಿಂಕರಿಂಗ್ ಮತ್ತು ಪೇಂಟಿಂಗ್ ಸೇರಿ 58,400 ರೂಪಾಯಿಯ ಅಂತಿಮ ಬಿಲ್ಲು, ಹಣ ಪಾವತಿಸಿದ ರಸೀದಿ, ಪೊಲೀಸ್ ಠಾಣೆಯ ಸ್ವೀಕೃತಿ, ನೆರೆಯ ಇಬ್ಬರ ಲಿಖಿತ ಹೇಳಿಕೆ ಇವೆಲ್ಲವನ್ನೂ ಅನುಬಂಧ 4ರಿಂದ 10ರವರೆಗೆ ಲಗತ್ತಿಸಿದೆ.

ಅಂದು ಸಂಜೆಯೇ ಸೈಟ್ ಸೂಪರ್‌ವೈಸರ್ ಮನೆಗೆ ಬಂದಿದ್ದರು. "ಟೆನ್ಶನ್ ತಗೋಬೇಡಿ ಮೇಡಂ, ಬಿಲ್ ಕಳ್ಸಿ, ಓನರ್‌ಗೆ ಹೇಳಿ ಕೊಡಿಸ್ತೀನಿ" ಎಂದು ರಾತ್ರಿ ವಾಟ್ಸ್ಯಾಪಿನಲ್ಲೂ ಬರೆದರು (ಅನುಬಂಧ 11). ಬಿಲ್ಲು ತಲುಪಿದ ಮೇಲೆ ಫೋನು ಎತ್ತಲಿಲ್ಲ. ಗುತ್ತಿಗೆದಾರರ ಕಚೇರಿಯವರು ಆ ರಸ್ತೆಯ ಕೆಲಸ ಉಪಗುತ್ತಿಗೆಗೆ ಹೋಗಿದೆ ಎಂದರು. ಉಪಗುತ್ತಿಗೆಯವರು ಜೆಸಿಬಿ ಬಾಡಿಗೆಯದು ಎಂದರು. ಜೆಸಿಬಿ ಮಾಲೀಕರು ಆ ಚಾಲಕ ಕೆಲಸ ಬಿಟ್ಟು ಊರಿಗೆ ಹೋದ ಎಂದರು. ಕೊನೆಗೆ ಪಾಲಿಕೆಯ ಸಹಾಯಕ ಕಾರ್ಯಪಾಲಕ ಇಂಜಿನಿಯರರಿಂದ ಹಿಂಬರಹವೊಂದು ಬಂತು: ಇದು ಖಾಸಗಿಯವರ ನಡುವಿನ ವಿಷಯ, ಅರ್ಜಿದಾರರು ತಮ್ಮ ವಿಮಾ ಕಂಪನಿಯಿಂದ ಪರಿಹಾರ ಪಡೆಯಬಹುದು. ನಲವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ ಹೆಣ್ಣುಮಗಳಿಗೆ ಪಾಲಿಕೆ ಕೊಟ್ಟ ಉತ್ತರ ಇದು. ನಿವಾಸಿಗಳ ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಎದ್ದ ಸಿಟ್ಟನ್ನು ಈ ಮನವಿಯ ಭಾಷೆಯಲ್ಲಿ ಅಡಗಿಸಿಡುವುದು ಕಷ್ಟವಾಗಿದೆ.

ವಿಮೆಯಿಂದ ಪಡೆಯಿರಿ ಎನ್ನುವವರು ಆ ಲೆಕ್ಕವನ್ನೂ ನೋಡಬೇಕು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಮುರಿಯುತ್ತಾರೆ. ಐದು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ 40. ಅದರ ಮೇಲೆ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ ಬೇರೆ. ಐದು ವರ್ಷ ಒಂದು ಕ್ಲೈಮೂ ಮಾಡದೆ ಕೂಡಿಸಿಕೊಂಡ ಶೇ 50ರ ನೋ ಕ್ಲೈಮ್ ಬೋನಸ್ ಒಂದೇ ಕ್ಲೈಮಿಗೆ ಸೊನ್ನೆಯಾಗುತ್ತದೆ, ಮುಂದಿನ ವರ್ಷಗಳ ಪ್ರೀಮಿಯಂ ಏರುತ್ತದೆ. ತಪ್ಪು ಮಾಡಿದವರು ಪೈಸೆಯನ್ನೂ ಕೊಡದೆ, ಗೇಟಿನ ಪಕ್ಕ ಕಾರು ನಿಲ್ಲಿಸಿದ್ದವರು ವರ್ಷಗಟ್ಟಲೆ ತೆರುವುದು ಯಾವ ನ್ಯಾಯ?

ಪೊಲೀಸ್ ಠಾಣೆಯಲ್ಲಿ ಸಿಕ್ಕ ಮಾತು ಮತ್ತೊಂದು. ಕೈತಪ್ಪಿ ಆದ ಹಾನಿ, ಉದ್ದೇಶವಿಲ್ಲ, ಇದು ಸಿವಿಲ್ ವ್ಯಾಜ್ಯ ಎಂದರು. ಆದರೆ ರಸ್ತೆಯಲ್ಲಿ ಓಡುವ ಜೆಸಿಬಿಯೂ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದನ್ನು ಬಳಸಲು ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಬೇರೆಯವರ ಆಸ್ತಿಗೆ ಹಾನಿಯಾದರೆ ಹತ್ತಿರದ ಠಾಣೆಗೆ 24 ಗಂಟೆಯೊಳಗೆ ವರದಿ ಮಾಡುವ ಹೊಣೆಯನ್ನು 134ನೇ ಕಲಂ ಚಾಲಕನ ಮೇಲೆಯೇ ಹೊರಿಸಿದೆ. ಆಸ್ತಿ ಹಾನಿಯ ಕ್ಲೈಮನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಇಡಲೂಬಹುದು. ಇದೆಲ್ಲ ತಾವು ಬಲ್ಲದ್ದೇ. ಆದರೆ ನಂಬರ್ ಪ್ಲೇಟೇ ಇಲ್ಲದ ಯಂತ್ರದ ಪಾಲಿಸಿಯನ್ನು ನಿವಾಸಿಗಳು ಎಲ್ಲಿಂದ ಹುಡುಕಿ ತರಬೇಕು? ಅಂಥ ಯಂತ್ರಕ್ಕೆ ಪಾಲಿಕೆಯ ಕಾಮಗಾರಿಯೊಳಗೆ ಪ್ರವೇಶ ಕೊಟ್ಟವರು ಯಾರು?

ಮಾಹಿತಿ ಹಕ್ಕಿನಡಿ ಪಡೆದ ಟೆಂಡರ್ ಕರಾರಿನ ಪ್ರತಿಯೇ (ಅನುಬಂಧ 14) ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರಿಸುತ್ತದೆ. ರಾಜ್ಯದ ಕೆಡಬ್ಲ್ಯೂ-4 ಮಾದರಿ ಟೆಂಡರ್ ದಾಖಲೆಯಲ್ಲಿ ಗುತ್ತಿಗೆದಾರರ ಹೊಣೆಯ ಬಗ್ಗೆ ಗೊಂದಲವೇ ಇಲ್ಲ. ಕೆಲಸ ನಡೆಯುವಾಗ, ಕೆಲಸದ ಪರಿಣಾಮವಾಗಿ, ಆಸ್ತಿಗೆ ಆಗುವ ನಷ್ಟವೆಲ್ಲ, ಕರಾರಿನಲ್ಲೇ ಹೊರಗಿಟ್ಟ ಕೆಲವು ಅಪಾಯಗಳನ್ನು ಬಿಟ್ಟು, ಗುತ್ತಿಗೆದಾರರದೇ. ಹೊರಗಿನವರ ಆಸ್ತಿಗಾಗುವ ಹಾನಿಗೆ ಪಾಲಿಕೆ ಮತ್ತು ಗುತ್ತಿಗೆದಾರರ ಜಂಟಿ ಹೆಸರಿನಲ್ಲಿ ವಿಮೆ ಮಾಡಿಸಬೇಕು, ಅದು ಕೆಲಸದ ಆರಂಭದಿಂದ ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಜಾರಿಯಲ್ಲಿರಬೇಕು. ಗುತ್ತಿಗೆದಾರರು ಪಾಲಿಸಿ ತರದಿದ್ದರೆ ಪಾಲಿಕೆಯೇ ಮಾಡಿಸಿ, ಪ್ರೀಮಿಯಂ ಮೊತ್ತವನ್ನು ಅವರಿಗೆ ಕೊಡಬೇಕಾದ ಹಣದಲ್ಲಿ ಮುರಿದುಕೊಳ್ಳಬಹುದು. ಉಪಗುತ್ತಿಗೆ ಕೊಟ್ಟ ಮಾತ್ರಕ್ಕೆ ಮೂಲ ಗುತ್ತಿಗೆದಾರರ ಹೊಣೆ ಬದಲಾಗುವುದಿಲ್ಲ ಎಂಬ ಷರತ್ತೂ ಅಲ್ಲಿದೆ.

ಅಂದರೆ ಜಂಟಿ ಹೆಸರಿನಲ್ಲಿ ಪಾಲಿಕೆಯೂ ಸೇರಿಕೊಂಡಿರಬೇಕಾದ ಪಾಲಿಸಿಯೊಂದಿದೆ, ಅಥವಾ ಅದನ್ನು ಮಾಡಿಸದೆಯೇ ಬಿಲ್ಲು ಪಾಸಾಗಿದೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದ ಪ್ರಶ್ನೆಗೆ ಮಾತ್ರ ಮಾಹಿತಿ ಅಧಿಕಾರಿಗಳು ಕಡತ ಲಭ್ಯವಿಲ್ಲ ಎಂದು ಉತ್ತರಿಸಿದ್ದಾರೆ (ಅನುಬಂಧ 15). ಖಾಸಗಿಯವರ ನಡುವಿನ ವಿಷಯ ಎಂಬ ಹಿಂಬರಹ ಬರೆದವರು ತಮ್ಮದೇ ಕಚೇರಿಯ ಕರಾರನ್ನು ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.

ಶಿಕ್ಷಕಿಯವರದು ಒಂಟಿ ಪ್ರಕರಣವಲ್ಲ. ನಾಲ್ಕನೇ ಅಡ್ಡರಸ್ತೆಯಲ್ಲಿ ಪೈಪು ಹಾಕಿದ ಮೇಲೆ ಗುಂಡಿಗೆ ಸಡಿಲ ಮಣ್ಣು ಸುರಿದು ಹೋದರು, ಧಮ್ಮಸು ಹಾಕಲಿಲ್ಲ. ಒಂದೇ ಮಳೆಗೆ ಮಣ್ಣು ಕುಸಿದು ಮೇಲೆ ನೀರು ನಿಂತಿತು. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಆಟೋ ಚಾಲಕರೊಬ್ಬರ ಮುಂದಿನ ಗಾಲಿ ಅದರಲ್ಲಿ ಇಳಿದು ಫೋರ್ಕ್ ಬಾಗಿತು. ಅಲ್ಲಿ ಇದ್ದ ಎಚ್ಚರಿಕೆಯೆಂದರೆ ಎರಡು ಗಳುಗಳ ನಡುವೆ ಕಟ್ಟಿ ಅದಾಗಲೇ ಹರಿದುಬಿದ್ದಿದ್ದ ಕೆಂಪು-ಬಿಳಿ ಟೇಪು. ಕೆಲಸ ನಡೆಯುವ ರಸ್ತೆಯಲ್ಲಿ ತಡೆಬೇಲಿ, ಬೆಳಕು ಪ್ರತಿಫಲಿಸುವ ಫಲಕ, ರಾತ್ರಿ ದೀಪ ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ-55 ಮಾರ್ಗಸೂಚಿ ಹೇಳುತ್ತದೆ. ಅದು ತಮ್ಮ ಇಂಜಿನಿಯರುಗಳಿಗೆ ಗೊತ್ತಿಲ್ಲದ್ದೇನಲ್ಲ. ಆಟೋದವರಿಗೆ ರಿಪೇರಿ ಖರ್ಚಷ್ಟೇ ಅಲ್ಲ, ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನದ ದುಡಿಮೆಯೂ ಹೋಯಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅವರ ಬಳಿ ಇರುವುದು ಮೆಕ್ಯಾನಿಕ್ ಬರೆದುಕೊಟ್ಟ ಒಂದು ಚೀಟಿ. ಅದನ್ನೇ ಅನುಬಂಧ 16 ಎಂದು ಇಟ್ಟಿದೆ. ಜಿಎಸ್‌ಟಿ ಬಿಲ್ಲು ಇಲ್ಲವೆಂದು ತಳ್ಳಿಹಾಕಬಾರದಾಗಿ ವಿನಂತಿ.

ಇಂಥ ನಷ್ಟಗಳು ಹೇಗೆ ಎಲ್ಲ ನಿಯಮಗಳ ಸಂದಿಯಲ್ಲಿ ಬಿದ್ದುಹೋಗುತ್ತವೆ ಎಂಬುದನ್ನು ತಮ್ಮ ಗಮನಕ್ಕೆ ತರಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಂ ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾಗಿದ್ದರೆ ಮಾತ್ರ. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಕೊಡಬೇಕೆಂದಿತು. ಅಲ್ಲೂ ಲೆಕ್ಕಕ್ಕೆ ಬಂದದ್ದು ಜೀವ ಮತ್ತು ದೇಹ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ಸ್ಕೂಟರಿನ ಮೇಲೆ ಉರುಳಿ ತಾಯಿ ಮತ್ತು ಎಳೆಯ ಮಗು ಸತ್ತಾಗ ಇಡೀ ರಾಜ್ಯ ಮರುಗಿತು, ಪರಿಹಾರವೂ ತಕ್ಷಣ ಘೋಷಣೆಯಾಯಿತು. ಅದು ಆಗಲೇಬೇಕಾದದ್ದು. ಹಾಗೆಂದು ಯಾರೂ ಸಾಯಲಿಲ್ಲ ಎಂಬ ಕಾರಣಕ್ಕೆ ಉಳಿದ ಹಾನಿಗೆ ಹೊಣೆಯೇ ಇಲ್ಲವೆಂದಾಗದು.

ಕರ್ನಾಟಕ ಹೈಕೋರ್ಟಿನ ನಿಲುವು ಈ ವಿಷಯದಲ್ಲಿ ಬಲವಾಗಿದೆ. ಕೋರಮಂಗಲದ ನಿವಾಸಿಗಳು 2015ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, 2019ರ ಜುಲೈನಲ್ಲಿ, ಸುಸ್ಥಿತಿಯ ರಸ್ತೆ ನಾಗರಿಕರ ಮೂಲಭೂತ ಹಕ್ಕಿನ ಭಾಗ ಎಂದು ಅದು ಹೇಳಿತು. ಕೆಟ್ಟ ರಸ್ತೆಯಿಂದ ತೊಂದರೆಗೀಡಾದವರು ಪಾಲಿಕೆಯಿಂದ ಪರಿಹಾರ ಕೇಳಲು ದಾರಿ ಮಾಡಿಕೊಟ್ಟಿತು. ಇನ್ನೂ ಹಿಂದಿನದು ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರದ ಪ್ರಕರಣ. 1951ರಲ್ಲಿ ಗೋಪುರ ಕುಸಿದು ಜನ ಸತ್ತರು, 1966ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪಾಲಿಕೆಯೇ ಹೊಣೆ ಎಂದಿತು. ಗೋಪುರ ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಬೇರೆ ಪುರಾವೆ ಬೇಕಿಲ್ಲ ಎಂಬ ತರ್ಕ ಅಲ್ಲಿ ಒಪ್ಪಿತವಾಯಿತು. ನಿಂತ ಕಾರಿನ ಬಾಗಿಲಿಗೆ ಜೆಸಿಬಿಯ ಹಲ್ಲು ಹೊಕ್ಕಿದ್ದಕ್ಕೂ ಅದೇ ತರ್ಕ ಸಾಲದೇ?

ಆದ್ದರಿಂದ ನಿವಾಸಿಗಳ ಮುಖ್ಯ ಬೇಡಿಕೆ ಇಷ್ಟು. ಶಿಕ್ಷಕಿಯವರ 58,400 ರೂಪಾಯಿ ಮತ್ತು ಆಟೋ ಚಾಲಕರ ರಿಪೇರಿ ಖರ್ಚು, ದುಡಿಮೆಯ ನಷ್ಟ ಸಂದಾಯವಾಗುವವರೆಗೆ ಗುತ್ತಿಗೆದಾರರ ಮುಂದಿನ ರನ್ನಿಂಗ್ ಬಿಲ್ಲಿನಲ್ಲಿ ಅಷ್ಟು ಮೊತ್ತವನ್ನು ತಡೆಹಿಡಿಯಬೇಕು. ಅವರು ಕೊಡದಿದ್ದರೆ ಭದ್ರತಾ ಠೇವಣಿಯಿಂದ ಕೊಡಿಸಬೇಕು. ಜಂಟಿ ವಿಮಾ ಪಾಲಿಸಿಯ ಪ್ರತಿಯನ್ನೂ, ಸ್ಥಳದಲ್ಲಿ ಕೆಲಸ ಮಾಡುವ ಪ್ರತಿ ಯಂತ್ರದ ನೋಂದಣಿ ಸಂಖ್ಯೆ ಮತ್ತು ವಿಮೆಯ ವಿವರವನ್ನೂ ಕಾಮಗಾರಿ ಫಲಕದಲ್ಲೇ ಪ್ರದರ್ಶಿಸಬೇಕು. ಹಾನಿಯಾದ ದಿನವೇ ಕಿರಿಯ ಇಂಜಿನಿಯರ್ ಸ್ಥಳಕ್ಕೆ ಬಂದು ಮಹಜರು ಬರೆದು, ಗುತ್ತಿಗೆದಾರರ ಕಡೆಯವರ ಸಹಿ ಪಡೆದು, ಒಂದು ಪ್ರತಿಯನ್ನು ವಾಹನದವರಿಗೆ ಕೊಡುವ ವ್ಯವಸ್ಥೆ ಬರಬೇಕು. ಯಾರ ಹಿಂದೆ ಓಡಬೇಕು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಯಾಕೆಂದರೆ ಗುತ್ತಿಗೆದಾರರು ನಿವಾಸಿಗಳ ಮಾತಿಗೆ ಬಗ್ಗುವುದಿಲ್ಲ, ಬಿಲ್ಲು ಬರೆಯುವ ಕೈಗೆ ಬಗ್ಗುತ್ತಾರೆ. ಆ ಕೈ ತಮ್ಮದು.

     

ಹಿಂದಿನ ಮನವಿಗಳಿಗೆ ಆದದ್ದೇ ಇದಕ್ಕೂ ಆದರೆ ಮುಂದಿನ ದಾರಿಯನ್ನು ನಿವಾಸಿಗಳು ಗೊತ್ತುಮಾಡಿಕೊಂಡಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಇರುವ ಖಾಯಂ ಲೋಕ ಅದಾಲತ್ತು ನೀರು ಸರಬರಾಜು, ನೈರ್ಮಲ್ಯದಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ವ್ಯಾಜ್ಯವನ್ನು ಒಂದು ಕೋಟಿ ರೂಪಾಯಿವರೆಗೆ ನೋಡಬಲ್ಲದು. ಅಲ್ಲಿ ಕೋರ್ಟ್ ಶುಲ್ಕವಿಲ್ಲ, ರಾಜಿ ಆಗದಿದ್ದರೆ ಅದೇ ತೀರ್ಪು ಕೊಡುತ್ತದೆ. ಅಲ್ಲಿಗೆ ಹೋದರೆ ಗುತ್ತಿಗೆದಾರರ ಜೊತೆಗೆ ಪಾಲಿಕೆಯನ್ನೂ ಎದುರುದಾರರನ್ನಾಗಿ ಸೇರಿಸುವುದು ಅನಿವಾರ್ಯ. ತಾವೇ ಮಂಜೂರು ಮಾಡಿಸಿಕೊಂಡ ಕಾಮಗಾರಿಯ ಬಗ್ಗೆ ತಮ್ಮದೇ ಪಾಲಿಕೆಯ ವಿರುದ್ಧ ನಿಲ್ಲುವ ಇಚ್ಛೆ ಇಲ್ಲಿ ಯಾರಿಗೂ ಇಲ್ಲ.

ದಯವಿಟ್ಟು ಗುತ್ತಿಗೆದಾರರ ಮುಂದಿನ ಬಿಲ್ಲಿಗೆ ಸಹಿ ಹಾಕುವ ಮೊದಲು ಅನುಬಂಧ 4ರ ದೃಶ್ಯವನ್ನೂ ಅನುಬಂಧ 14ರ ಕರಾರನ್ನೂ ಒಟ್ಟಿಗೆ ಪರಿಶೀಲಿಸಿ, ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತ ಹಿಂಬರಹದ ಮೂಲಕ ತಿಳಿಸಬೇಕಾಗಿ ಕೋರಿಕೆ.

ಇಂತಿ,
ಬಡಾವಣೆಯ ನಿವಾಸಿಗಳ ಪರವಾಗಿ,
ಸಂಘದ ಪದಾಧಿಕಾರಿಗಳು ಮತ್ತು ಸದಸ್ಯರು
(ಸಹಿಗಳನ್ನು ಲಗತ್ತಿಸಿದೆ)