ತೊಟ್ಟಿಯ ಹಾವಸೆಗೆ ಮದ್ದು ಬೇಡ

ಜಗಲಿಯಲ್ಲಿ ಗಾಜಿನ ತೊಟ್ಟಿಯಿಟ್ಟು, ಉಪ್ಪುನೀರು ತುಂಬಿಸಿ, ಬಣ್ಣದ ಕಡಲ ಮೀನುಗಳನ್ನು ಸಾಕುವ ಹವ್ಯಾಸ ನಮ್ಮ ಕಡೆಗೂ ಬಂದಿದೆ. ಗೋಲ್ಡ್ ಫಿಶ್ ಸಾಕಿ ಬೇಸತ್ತವರು ಈಗ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನಿನ ಮೋಹಕ್ಕೆ ಬಿದ್ದಿದ್ದಾರೆ. ತಪ್ಪೇನೂ ಇಲ್ಲ. ಆದರೆ ತೊಟ್ಟಿಯಿಟ್ಟು ತಿಂಗಳು ತುಂಬುವುದರೊಳಗೆ ಗಾಜಿಗೆ ಕಂದು ಹುಡಿ ಹಿಡಿಯುತ್ತದೆ; ಅದು ಹೋಯಿತೆನ್ನುವಾಗ ಕಲ್ಲಿನ ಮೇಲೆ ಹಸಿರು ಕೂದಲು ಏಳುತ್ತದೆ. ಆಗ ಮನೆಯವರು ಮಾಡುವ ಮೊದಲ ಕೆಲಸ ಅಂಗಡಿಗೆ ಓಡಿ ಹಾವಸೆಗೆ ಮದ್ದು ಕೇಳುವುದು. ಈ ಮದ್ದಿನ ವಿಚಾರವಾಗಿ ನಮಗೆ ನಾಲ್ಕು ಮಾತು ಹೇಳಲಿಕ್ಕಿದೆ.

ಹೇಳುವ ಮುಂಚೆ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ಮರ್ಯಾದೆ. ಮಕ್ಕಳ ಒತ್ತಾಯಕ್ಕೆ ನಾವೂ ಮನೆಯಲ್ಲಿ 100 ಲೀಟರಿನ ತೊಟ್ಟಿಯಿಟ್ಟೆವು. ಎರಡು ಕ್ಲೌನ್ ಮೀನು, ಎರಡು ಸೀಗಡಿ, ಆರು ಕಡಲ ಬಸವನಹುಳು. ಎರಡನೆಯ ತಿಂಗಳಲ್ಲಿ ಕಲ್ಲುಗಳೆಲ್ಲ ಹಸಿರು ಗಡ್ಡ ಬಿಟ್ಟುವು. ಅಡಿಕೆ ತೋಟವಿರುವ ನೆಂಟರೊಬ್ಬರು ಬಂದವರು, "ಇದಕ್ಕೆಂಥ ಭಾವ, ನಾಲ್ಕು ಕಾಳು ಮೈಲುತುತ್ತು ಹಾಕಿ ನೋಡಿ" ಎಂದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ನಮ್ಮ ಊರಿನಲ್ಲಿ ಮೈಲುತುತ್ತಿಗೇನು ಬರಗಾಲವೆ? ಅವರು ಹೇಳಿದ್ದು ಪ್ರೀತಿಯಿಂದ, ಹಾಕಿದ್ದು ನಾವೇ. ಮರುದಿನ ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಸಂಜೆಯೊಳಗೆ ಸೀಗಡಿಗಳೂ ಹೋದವು. ಕಿರಿಯ ಮಗಳು ಅವುಗಳನ್ನು ಎಣಿಸಿ, "ಅಪ್ಪಾ, ಹಾವಸೆ ಮಾತ್ರ ಸಾಯಲಿಲ್ಲವಲ್ಲ" ಎಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೆ ಅದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕಾಗಿಲ್ಲ.

ಲೆಕ್ಕವನ್ನು ನಾವು ಆಮೇಲೆ ಮಾಡಿ ನೋಡಿದೆವು. ಮೈಲುತುತ್ತಿನ ತೂಕದಲ್ಲಿ ಕಾಲುಭಾಗ ತಾಮ್ರ. 100 ಲೀಟರ್ ನೀರಿಗೆ ಹತ್ತನೇ ಒಂದು ಗ್ರಾಂ ಹಾಕಿದರೂ ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರವಾಯಿತು. ಮೀನಿನ ಕೆಲವು ಪರಾವಲಂಬಿ ರೋಗಗಳಿಗೆ ಬೇರೆ ತೊಟ್ಟಿಯಲ್ಲಿಟ್ಟು ಕೊಡುವ ಪ್ರಮಾಣವೇ ಹೆಚ್ಚುಕಡಿಮೆ ಅಷ್ಟು. ಮೀನು ಅದನ್ನು ತಡೆದುಕೊಳ್ಳಬಹುದು. ಬಸವನಹುಳು, ಸೀಗಡಿ, ಹವಳಗಳು ತಡೆಯಲಾರವು. ಸಾಲದ್ದಕ್ಕೆ ತಾಮ್ರ ಕಲ್ಲಿಗೂ ಮರಳಿಗೂ ಅಂಟಿ ಕುಳಿತು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ನೀರಿಗೆ ಬಿಡುತ್ತದೆ. ನಾವು ಕಲ್ಲು ಮರಳುಗಳನ್ನೆಲ್ಲ ತೆಗೆದು ಹೊಸದಾಗಿ ಆರಂಭಿಸಬೇಕಾಯಿತು.

ಅಂಗಡಿಯ ಪೊಟ್ಟಣಗಳ ಕಥೆ ಬೇರೆ. ಮರಳಿನ ಮೇಲೆ ಕೆಂಪು-ನೇರಳೆ ಲೋಳೆ ಹಾಸಿದಂತೆ ಬರುವುದುಂಟು. ಅದು ನಿಜಕ್ಕೂ ಹಾವಸೆಯಲ್ಲ, ಸಯನೋಬ್ಯಾಕ್ಟೀರಿಯ ಎಂಬ ಬ್ಯಾಕ್ಟೀರಿಯ. ಅದನ್ನು ಕೊಲ್ಲಲು ಮಾರುವ ಕೆಲವು ಹುಡಿಗಳಲ್ಲಿರುವುದು ಎರಿತ್ರೋಮೈಸಿನ್. ಮನುಷ್ಯರ ಗಂಟಲು ನೋವಿಗೆ ವೈದ್ಯರು ಬರೆದುಕೊಡುವ ಅದೇ ಆ್ಯಂಟಿಬಯೋಟಿಕ್! ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರಬಾರದೆಂದು ಕೇರಳ ಸರಕಾರ 2024ರಲ್ಲಿ 'ಆಪರೇಷನ್ ಅಮೃತ್' ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳ ತಪಾಸಣೆಗೆ ಇಳಿಯಿತು. ಮನುಷ್ಯರಿಗೆ ಚೀಟಿ ಬೇಕಾದ ಮದ್ದನ್ನು ಮೀನಿನ ತೊಟ್ಟಿಗೆ ಚಮಚದಲ್ಲಿ ಸುರಿದು, ಆ ನೀರನ್ನು ಚರಂಡಿಗೆ ಬಿಡುವುದು ಯಾವ ನ್ಯಾಯ? ಒಂದು ಕೀಟವನ್ನು ಕೊಲ್ಲಲೆಂದು ಮೇಲಿನಿಂದ ಸುರಿದ ಮದ್ದು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಈ ಜಿಲ್ಲೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಹಾವಸೆ ಯಾಕೆ ಬರುತ್ತದೆ? ಹಾವಸೆಯೆನ್ನಿ, ಪಾಚಿಯೆನ್ನಿ, ಅಂಗಡಿಯವರ ಬಾಯಲ್ಲಿ ಪಾಯಲ್ ಎನ್ನಿ, ಪಠ್ಯಪುಸ್ತಕದ ಶೈವಲವೆನ್ನಿ, ಅದಕ್ಕೆ ಬೇಕಾದದ್ದು ಬೆಳಕು ಮತ್ತು ಗೊಬ್ಬರ. ಗೊಬ್ಬರ ಹಾಕುವವರು ನಾವೇ. ಮೀನು ತಿಂದು ಬಿಟ್ಟ ಆಹಾರ, ಮೀನಿನ ಹೇಲು, ಎರಡೂ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಕಾಯದೆ ಮೀನು ತಂದು ತುಂಬಿದರೆ ಮೊದಲು ಮೀನಿಗೆ ಕಷ್ಟ, ಆಮೇಲೆ ಹಾವಸೆಗೆ ಹಬ್ಬ.

ಮೊದಲ ವಾರಗಳ ಕಂದು ಹುಡಿಗೆ ಹೆದರಲೇಬಾರದು. ಅದು ಡಯಾಟಮ್. ಮರಳಿನ ಅಂಶವಾದ ಸಿಲಿಕಾದಿಂದ ಚಿಪ್ಪು ಕಟ್ಟಿಕೊಳ್ಳುವ ಏಕಕೋಶ ಜೀವಿ. ನೀರಿನಲ್ಲಿ ಕರಗಿದ ಸಿಲಿಕಾ ಮುಗಿಯುತ್ತಲೇ ಅದೂ ಮುಗಿಯುತ್ತದೆ. ನಾವು ಗಾಜಿನಿಂದ ಉಜ್ಜಿ ಬಿಸಾಡುವ ಈ ಡಯಾಟಮ್ ಜಾತಿಯನ್ನೇ ಮಳೆಗಾಲದಲ್ಲಿ ನಮ್ಮ ಕಡಲಿನ ಬೂತಾಯಿ ಹೊಟ್ಟೆತುಂಬ ತಿಂದು ಕೊಬ್ಬುವುದು. ತಳದ ತಣ್ಣನೆಯ ನೀರು ಮೇಲೆ ಬಂದು ಗೊಬ್ಬರ ತರುತ್ತದೆ, ಡಯಾಟಮ್ ಹುಟ್ಟುತ್ತದೆ, ಮತ್ತಿ ಬರುತ್ತದೆ, ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ. ಹಾವಸೆಯಿಲ್ಲದ ಕಡಲಿದ್ದರೆ ನಮ್ಮ ಕರಾವಳಿಯ ಅಡುಗೆಮನೆಗಳ ಗತಿಯೇನು?

ಮುಖ್ಯವಾದ ಮಾತು ನೀರಿನದು. ಬಾವಿ ನೀರಿಗೆ ಉಪ್ಪಿನ ಪೊಟ್ಟಣ ಕರಗಿಸುವವರಿದ್ದಾರೆ. ನಮ್ಮ ಬಾವಿಯ ನೀರು ಕುಡಿಯಲು ಅಮೃತವೇ ಇರಬಹುದು. ಆದರೆ ನೆಲದೊಳಗಿನ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ, ತೋಟದ ಹತ್ತಿರದ ಬಾವಿಯಾದರೆ ಗೊಬ್ಬರದ ನೈಟ್ರೇಟ್ ಕೂಡ ಇರಬಹುದು. ಅದಕ್ಕಿಂತ ದೊಡ್ಡ ತಪ್ಪು, ಆರಿದ ನೀರಿನ ಬದಲಿಗೆ ದಿನವೂ ಬಾವಿ ನೀರು ಹೊಯ್ಯುವುದು. ಆರಿಹೋಗುವುದು ಬರಿಯ ನೀರು. ಅದರಲ್ಲಿದ್ದದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಆರ್.ಓ. ಯಂತ್ರದಿಂದ ಶುದ್ಧವಾಗಿ ಬಂದ ನೀರೇ ಬೇಕು, ಹೊಯ್ಯುವಾಗ ಉಪ್ಪು ಸೇರಿಸದ ನೀರು ಬೇಕು. ಚಂದ್ರಗಿರಿಯ ಅಳಿವೆಯ ಹತ್ತಿರ ಕೊಡ ಮುಳುಗಿಸಿ ತರುವ ಸುಲಭೋಪಾಯವೂ ಬೇಡ. ಮಳೆಗಾಲದಲ್ಲಿ ಅಲ್ಲಿ ಉಪ್ಪಿನಂಶ ಕಡಿಮೆ, ಹೊಳೆ ಹೊತ್ತು ತಂದ ಕೊಳೆ ಜಾಸ್ತಿ.

ಉಳಿದದ್ದು ಕೈಕೆಲಸ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದೀಪ ಬೇಡ, ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಬೇಡ. ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. (ಬಂದ ನೆಂಟರ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುವ ಸಂಪ್ರದಾಯವನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ, ಅದಕ್ಕಾಗಿ ಕೆಲವು ನೆಂಟರಿಗೆ ಬೇಸರವೂ ಇದೆ.) ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಾವಣೆ, ಆಗ ಕಲ್ಲಿನ ಹಸಿರನ್ನು ಬೆರಳಿನಿಂದ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನಳಿಗೆಯಲ್ಲಿ ಎಳೆದು ಹೊರಗೆ ಹಾಕುವುದು. ಕೆಂಪು ಲೋಳೆ ಬಂದಲ್ಲಿ ನೀರಿನ ಹರಿವು ಸಾಲದೆಂದು ತಿಳಿದು ಪಂಪಿನ ಮುಖವನ್ನು ಅತ್ತ ತಿರುಗಿಸುವುದು. ಗೊಬ್ಬರ ಪೂರ್ತಿ ಶೂನ್ಯವಾಗಬೇಕೆಂದು ಹಟ ಹಿಡಿಯುವುದೂ ಸಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಇಲ್ಲದ ತೊಟ್ಟಿಗೆ ಡೈನೋಫ್ಲಾಜೆಲೇಟ್ ಎಂಬ ಇನ್ನೂ ಕೆಟ್ಟ ಲೋಳೆ ಬರುವುದುಂಟು.

ಇದೇನೂ ಹೊಸ ಜ್ಞಾನವಲ್ಲ. ಲಂಡನಿನ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಸಿಹಿನೀರಿನ ತೊಟ್ಟಿಯಲ್ಲಿ ಮೀನು ಮತ್ತು ನೀರ್ಗಿಡಗಳನ್ನು ಒಟ್ಟಿಗೆ ಸಾಕಿದ ಪ್ರಯೋಗವನ್ನು ವರದಿ ಮಾಡಿದರು. ಎಲೆ ಕೊಳೆತು, ಹಸಿರು ಲೋಳೆ ಹಿಡಿದು ಅವರ ನೀರೂ ಕೆಟ್ಟಿತ್ತು. ವಾರಿಂಗ್ಟನ್ ವೃತ್ತಿಯಿಂದ ರಸಾಯನಶಾಸ್ತ್ರಜ್ಞರು. ಆದರೂ ತೊಟ್ಟಿಗೆ ರಸಾಯನ ಹಾಕಲಿಲ್ಲ, ಬಸವನಹುಳು ಬಿಟ್ಟರು! ಹುಳುಗಳು ಲೋಳೆಯನ್ನು ತಿಂದುವು, ನೀರು ತಿಳಿಯಾಯಿತು. ಮುಂದೆ ಉಪ್ಪುನೀರಿನ ತೊಟ್ಟಿ ಮಾಡಿದವರು, 1854ರಲ್ಲಿ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ ಫಿಲಿಪ್ ಹೆನ್ರಿ ಗಾಸ್ ಮೊದಲಾದವರು, ನೀರಿಗೆ ಆಮ್ಲಜನಕ ಸಿಗಲೆಂದು ಕಡಲ ಹಸಿರು ಪಾಚಿಯನ್ನೇ ಹುಡುಕಿ ತಂದು ಬೆಳೆಸುತ್ತಿದ್ದರು. ಅಂದು ತೊಟ್ಟಿಯ ಪ್ರಾಣವಾಗಿದ್ದದ್ದು ಇಂದು ಶತ್ರುವಾಗಿದೆ. ಈಗಲೂ ತಿಳಿದವರು ಪಕ್ಕದ ಸಣ್ಣ ತೊಟ್ಟಿಯಲ್ಲಿ ಕೀಟೋಮಾರ್ಫಾ ಎಂಬ ನೂಲಿನಂಥ ಪಾಚಿಯನ್ನು ಬೆಳೆಸಿ, ಗೊಬ್ಬರವನ್ನು ಅದಕ್ಕೆ ಉಣ್ಣಿಸಿ, ಬೆಳೆದಷ್ಟನ್ನು ಕಿತ್ತು ಎಸೆಯುತ್ತಾರೆ.

ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲಿ, ಅಂಗಡಿಯ ವಿವರಣೆ ಮಲಯಾಳದಲ್ಲಿ; ನಮ್ಮ ಕನ್ನಡ ಶಾಲೆಯ ಮಕ್ಕಳು ಎರಡನ್ನೂ ಅರ್ಧರ್ಧ ತಿಳಿದುಕೊಂಡು ಮನೆಗೆ ಬಂದು ಸುರಿಯುತ್ತಾರೆ ಎಂಬ ಕಾರಣಕ್ಕೇ ಇಷ್ಟು ಉದ್ದ ಬರೆದೆವು. ಇನ್ನೊಂದು ಮಾತು. ತೊಟ್ಟಿಗೆ ಚೆಂದವೆಂದು ಕಡಲಿನಿಂದ ಜೀವಂತ ಹವಳವನ್ನೋ ಕಡಲ್ಗುದುರೆಯನ್ನೋ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅವಕ್ಕಿದೆ. ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಕೊಳ್ಳುವಾಗ ಸಾಕಿದ ಮರಿಯನ್ನೇ ಕೇಳಿ ಕೊಳ್ಳಿ.

ನಮ್ಮ ಹೊಸ ತೊಟ್ಟಿಗೆ ಈಗ ಐದನೆಯ ವಾರ. ಗಾಜಿಗೆ ಕಂದು ಹುಡಿ ಹಿಡಿದಿದೆ. ಬಸವನಹುಳು ಯಾವಾಗ ತರುವುದೆಂದು ಮಗಳು ದಿನವೂ ಕೇಳುತ್ತಾಳೆ. ಇನ್ನೆರಡು ವಾರ ಹೋಗಲಿ ಎಂದಿದ್ದೇವೆ. ಮೈಲುತುತ್ತಿನ ಡಬ್ಬಿ ನಮ್ಮ ಮನೆಯಲ್ಲಿ ಈಗಲೂ ಇದೆ, ಅಟ್ಟದ ಮೇಲೆ.